ಎರಡು ನದಿ ಇದ್ದೂ ಗುಳೆ ಯಾಕೆ ಅಂತ ಕೇಳಿದ ಗೆಳೆಯನಿಗೆ

ನಿನ್ನೆ ಶಕ್ತಿನಗರದ ಹತ್ರ ಕೃಷ್ಣಾ ಸೇತುವೆ ಮೇಲೆ ನಿಂತಿದ್ವಿ. ಕೆಂಪು ನೀರು ದಡ ತುಂಬಿ ಹೋಗ್ತಿತ್ತು. ಬೆಂಗಳೂರಿಂದ ಬಂದಿದ್ದ ಗೆಳೆಯ ಫೋಟೊ ತೆಗೀತಾ ಕೇಳಿದ: "ಈ ಕಡೆ ಕೃಷ್ಣೆ, ಆ ಕಡೆ ತುಂಗಭದ್ರೆ. ಇಷ್ಟಿದ್ದೂ ನಿಮ್ಮ ರಾಯಚೂರಿನ ಜನ ಯಾಕೋ ಕೂಲಿ ಹುಡುಕ್ಕೊಂಡು ಗುಳೆ ಬರ್ತಾರೆ?"

ಅವನ ಮನಸ್ಸಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ನದಿ ಪಕ್ಕದಲ್ಲಿ ಹರಿದರೆ ಹೊಲಕ್ಕೆ ನೀರು ಬಂದಂಗಲ್ಲ. ಕೃಷ್ಣೆ ಇರೋದು ತಗ್ಗಲ್ಲಿ, ಎರೆ ಹೊಲ ಇರೋದು ಎತ್ತರದಲ್ಲಿ. ಮಳೆಗಾಲದಲ್ಲಿ ಅದೇ ಕೃಷ್ಣೆ ಕುರ್ವಕಲಾ, ಕುರ್ವಕುರ್ದಾ ನಡುಗಡ್ಡೆಯ ಜನರ ದಾರಿಯನ್ನೇ ಕಡಿದು ಹಾಕ್ತದೆ. ನಮ್ಮೂರಿಗೆ ಬರಬೇಕಾದ ನೀರು ತುಂಗಭದ್ರಾ ಎಡದಂಡೆ ಕಾಲುವೆಯದು. ತುಂಗಭದ್ರಾ ಜಲಾಶಯದ ಹತ್ರ ಇರೋ ಮುನಿರಾಬಾದಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ಬರಬೇಕು. ಬರೋದಿಲ್ಲ.

ನಮ್ಮ ಉಪಕಾಲುವೆ ಈಗ ಹೇಗಿದೆ ಅಂದ್ರೆ, ತಳದ ಮಣ್ಣು ಬಿರುಕು ಬಿಟ್ಟು ಹೆಂಚಿನ ಚೂರಿನ ಹಾಗೆ ಮೇಲೆದ್ದಿದೆ. ನಡುವೆ ಆಳೆತ್ತರ ಜಾಲಿ. ತೂಬಿನ ಗೇಟು ತುಕ್ಕು ಹಿಡಿದು ಅರ್ಧಕ್ಕೇ ನಿಂತಿದೆ, ಅದರ ನೆರಳಲ್ಲಿ ಆಡು ಮಲಗಿರ್ತವೆ. ಇದು ಆಗಸ್ಟ್ ತಿಂಗಳು, ಜಲಾಶಯ ತುಂಬಿರೋ ಹೊತ್ತು!

"ಮೇಲ್ಭಾಗದವರು ನೆಲ್ಲು ಹಾಕಿ ನೀರು ಮುಗಿಸ್ತಾರೆ, ಅದು ರೈತ ರೈತರ ಜಗಳ" ಅಂತ ಕೆಲವರು ಹೇಳ್ತಾರೆ. ನೆಲ್ಲು ಹಾಕ್ತಾರೆ, ನಿಜ. ಈ ಕಾಲುವೆ ಮಾಡಿದ್ದು ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ. ಆದರೆ ಕಣ್ಣೆದುರು ನೀರಿದ್ದಾಗ ನಾಲ್ಕು ಕಾಸು ಸಿಗೋ ಬೆಳೆ ಯಾವ ರೈತ ಬಿಡ್ತಾನೆ? ನಾನಿದ್ರೂ ಹಾಕ್ತಿದ್ದೆ. ಕಾಲುವೆಗೆ ಪಂಪ್‌ಸೆಟ್ ಇಟ್ಟಾಗ ತಡೆಯೋದು, ಕೊನೆಭಾಗಕ್ಕೆ ಗೇಜ್ (ಕಾಲುವೆ ನೀರಿನ ಮಟ್ಟ) ಕಾಯೋದು ಆಡಳಿತದ ಕೆಲಸ. ಅದನ್ನ ರೈತರ ತಲೆಗೆ ಕಟ್ಟಿ ಕೈತೊಳ್ಕೊಂಡ್ರೆ ನಾನು ಒಪ್ಪಲ್ಲ.

1997ರಲ್ಲಿ ರಾಯಚೂರಿಂದ ಒಡೆದು ಕೊಪ್ಪಳ ಬೇರೆ ಜಿಲ್ಲೆಯಾಯ್ತು. ಅಲ್ಲಿನ ಜನಕ್ಕೆ ಅದು ಬೇಕಿತ್ತು, ಎರಡು ಮಾತಿಲ್ಲ. ಆದರೆ ಕಾಲುವೆಯ ತಲೆ ಒಂದು ಜಿಲ್ಲೆಗೆ, ಬಾಲ ಇನ್ನೊಂದಕ್ಕೆ ಹೋಯ್ತು. ನೀರು ತಪ್ಪಿದ್ದೆಲ್ಲಿ ಅಂತ ಕೇಳಿದ್ರೆ ಈ ಕಚೇರಿ ಆ ಕಚೇರಿ ಕಡೆ ಕೈ ತೋರಿಸ್ತದೆ. ಮೇಲಾಗಿ ಮೊದಲು 133 ಟಿಎಂಸಿ ಹಿಡೀತಿದ್ದ ಜಲಾಶಯ ಹೂಳು ತುಂಬಿ 105 ಚಿಲ್ಲರೆಗೆ ಇಳಿದಿದೆ. ನೀರು ಕಮ್ಮಿಯಾದಷ್ಟೂ ಮೊದಲು ಒಣಗೋದು ಬಾಲವೇ.

ಒಂದು ಮಾತು ಇಲ್ಲಿವರೆಗೂ ಬರೆದಿರಲಿಲ್ಲ. ನಮ್ಮಣ್ಣ ಗುಳೆ ಹೋದ ವರ್ಷ ನಾನು ಹಾಸ್ಟೆಲಲ್ಲಿದ್ದೆ. ಅವನು ಬೆಂಗಳೂರಲ್ಲೇ ಕಟ್ಟಡದ ಕೆಲಸಕ್ಕೆ ಸೇರಿದ್ದ. ಒಂದಿನ ನೋಡೋಕೆ ಬಂದ, ಕೈತುಂಬ ಸಿಮೆಂಟು. ಗೆಳೆಯರು ಯಾರು ಅಂತ ಕೇಳಿದಾಗ "ನಮ್ಮೂರವರು" ಅಂದೆ. ಅಣ್ಣ ಕೇಳಿಸ್ಕೊಂಡ. ಇವತ್ತಿಗೂ ಅದರ ಬಗ್ಗೆ ಒಂದು ಮಾತಾಡಿಲ್ಲ.

ಸೇತುವೆ ಮೇಲೆ ಗೆಳೆಯನಿಗೆ ಇದನ್ನೆಲ್ಲ ಹೇಳೋಕಾಗಲಿಲ್ಲ, ಗಂಟಲು ಕಟ್ಟಿತು. ರಾತ್ರಿ ಹನ್ನೊಂದಕ್ಕೆ ಅಣ್ಣನ ಫೋನು: "ಕಾಲುವಿ 104ನೇ ಮೈಲಿಗೆ ಗೇಜ್ ಏರೇತಂತ. ಬ್ಯಾಟರಿ ತಗೊಂಡು ಕಾಲುವಿ ಮ್ಯಾಲೆ ಹೊಂಟೀನಿ. ಅವ್ವಗ ಹೇಳಬ್ಯಾಡ, ಹಾವಿನ ಅಂಜಿಕಿ ಅಕಿಗೆ."