ಹಿತ್ತಲ ಗೋಬರ್ ಗ್ಯಾಸ್, ಮಂಗಳದ ಮೀಥೇನ್

ಮೊನ್ನೆ ಅಣ್ಣನ ಮಗ ಮೊಬೈಲ್ ಹಿಡ್ಕೊಂಡು ಓಡಿ ಬಂದ. "ಕಾಕಾ, ಮಂಗಳದಾಗ ಮೀಥೇನ್ ಸಿಕ್ಕೈತಂತ. ಅಂದ್ರ ಅಲ್ಲಿ ಜೀವ ಐತಿ, ಹೌದಲ್ಲ?" ವಿಡಿಯೋ ಮೇಲೆ ಕೆಂಪು ಅಕ್ಷರದಲ್ಲಿ ಹಾಗೇ ಬರೆದಿತ್ತು. ನಾನು ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಅವನನ್ನು ಹಿತ್ತಲಿಗೆ ಕರ್ಕೊಂಡು ಹೋದೆ.

ಜಮಖಂಡಿ ಹತ್ತಿರದ ನಮ್ಮ ಹಳ್ಳಿ ಮನೆಯಲ್ಲಿ ಅಪ್ಪ ಕಟ್ಟಿಸಿದ ಗೋಬರ್ ಗ್ಯಾಸ್ ಇನ್ನೂ ನಡೀತಿದೆ. ಮೇಲೆ ಕಬ್ಬಿಣದ ಡ್ರಮ್ ಇರುವ ಹಳೇ ನಮೂನೆ. ಬೆಳಿಗ್ಗೆ ಹೆಂಡಿಗೆ ಅಷ್ಟೇ ನೀರು ಸೇರಿಸಿ ಕಲಸಿ ಬಿಡುತ್ತೇವೆ. ಗಾಳಿಯಾಡದ ಆ ಗುಂಡಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಅದನ್ನು ತಿಂದು ಮೀಥೇನ್ ಬಿಡುತ್ತವೆ. ಗ್ಯಾಸ್ ತುಂಬಿದಂತೆ ಡ್ರಮ್ ಏಳುತ್ತದೆ. ಅವ್ವ ಒಲೆ ಹಚ್ಚಿದರೆ ಇಳಿಯುತ್ತದೆ.

ಡ್ರಮ್ ನೋಡಿದರೆ ಈಗ ಎಷ್ಟು ಗ್ಯಾಸ್ ಇದೆ ಅಂತ ಗೊತ್ತಾಗುತ್ತದೆ. ಎಷ್ಟು ಹುಟ್ಟಿತು ಅಂತ ತಿಳಿಯಬೇಕಾದರೆ ಎಷ್ಟು ಉರಿಯಿತು ಅನ್ನೋದೂ ಬೇಕು. ಗ್ರಹಗಳ ಗಾಳಿಯ ಲೆಕ್ಕವೂ ಇದೇ. ಸುದ್ದಿ ಮಾಡುವವರು ಡ್ರಮ್ ಮಾತ್ರ ತೋರಿಸುತ್ತಾರೆ, ಒಲೆಯ ಮಾತೇ ಎತ್ತುವುದಿಲ್ಲ. ನನಗೆ ಬೇಜಾರಾಗುವುದು ಅಲ್ಲಿಯೇ.

ನಮ್ಮ ಭೂಮಿಯನ್ನೇ ನೋಡಿ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಮೀಥೇನ್ ಎರಡು ಪಾಲೂ ಇಲ್ಲ. ಹುಟ್ಟಿದ್ದು ಹೆಚ್ಚುಕಡಿಮೆ 10 ವರ್ಷದಲ್ಲಿ ಕಾರ್ಬನ್ ಡೈಆಕ್ಸೈಡ್, ನೀರು ಆಗಿಬಿಡುತ್ತದೆ. ಬೆಂಕಿಯಿಲ್ಲದೆ ನಿಧಾನಕ್ಕೆ ಸುಟ್ಟಂತೆ. ಅಂದರೆ ನಮ್ಮ ಗಾಳಿಯೇ ಒಂದು ದೊಡ್ಡ ಒಲೆ. ಆದರೂ ಮೀಥೇನ್ ಖಾಲಿಯಾಗಿಲ್ಲ. ಜೌಗು ನೆಲ, ದನಗಳ ಹೊಟ್ಟೆ, ಭತ್ತದ ಗದ್ದೆ, ಕಸದ ರಾಶಿ, ಕಲ್ಲಿದ್ದಲ ಗಣಿ ಎಲ್ಲ ಸೇರಿ ತುಂಬಿಸುತ್ತಲೇ ಇವೆ. ಬಾಗಲಕೋಟೆಯ ಹಿನ್ನೀರು ಇಳಿದಾಗ ದಂಡೆಯ ಕೆಸರಿಗೆ ಕೋಲು ಚುಚ್ಚಿದರೆ ಬುಳುಬುಳು ಗುಳ್ಳೆ ಏಳುತ್ತವಲ್ಲ, ಅದರಲ್ಲೂ ಇದೇ ಗ್ಯಾಸ್. 1776ರಲ್ಲಿ ವಿಜ್ಞಾನಿ ಅಲೆಸಾಂಡ್ರೋ ವೋಲ್ಟಾ ಇಟಲಿಯ ಮಜೋರೆ ಸರೋವರದಲ್ಲಿ ಹೀಗೇ ಕೆಸರು ಕದಡಿ, ಗುಳ್ಳೆ ಹಿಡಿದು, ಅದು ಉರಿಯುತ್ತದೆ ಅಂತ ತೋರಿಸಿದ್ದು.

1990ರ ಡಿಸೆಂಬರ್‌ನಲ್ಲಿ ಗುರುಗ್ರಹದ ದಾರಿ ಹಿಡಿದಿದ್ದ ಗೆಲಿಲಿಯೋ ನೌಕೆ ಭೂಮಿಯ ಪಕ್ಕ ಹಾದುಹೋಯಿತು. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಮತ್ತು ಜೊತೆಗಾರರು ಆ ನೌಕೆಯ ಕಣ್ಣಿನಿಂದ ಭೂಮಿಯನ್ನು ಗುರುತಿಲ್ಲದ ಗ್ರಹದಂತೆ ನೋಡಿದರು. ಆಮ್ಲಜನಕ ತುಂಬಿದ ಗಾಳಿಯಲ್ಲಿ ಮೀಥೇನ್! ಎರಡೂ ಬಹಳ ದಿನ ಒಟ್ಟಿಗೆ ಬಾಳುವಂಥವಲ್ಲ. ಯಾರೋ ಬಿಡದೆ ತುಂಬಿಸುತ್ತಿರಬೇಕು. ಜೀವದ ಸುಳಿವು ಆ ಜೋಡಿಯಲ್ಲಿತ್ತು, ಬರೀ ಮೀಥೇನ್‌ನಲ್ಲಿ ಅಲ್ಲ.

ಬರೀ ಮೀಥೇನ್ ಸಾಕು ಅನ್ನುವುದಾದರೆ ಶನಿಯ ಚಂದ್ರ ಟೈಟನ್ ಮೊದಲು ಗೆಲ್ಲಬೇಕಿತ್ತು. ಅಲ್ಲಿ ನೆಲದ ಹತ್ತಿರದ ಗಾಳಿಯಲ್ಲಿ ಸುಮಾರು ನೂರಕ್ಕೆ 5 ಪಾಲು ಮೀಥೇನ್. ಮಳೆಯೂ ಅದರದ್ದೇ, ಕೆರೆಗಳಲ್ಲೂ ಅದೇ. ಚಳಿ ಮೈನಸ್ 179 ಡಿಗ್ರಿ. ನೀರು ಕಲ್ಲಿನಂತೆ ಗಟ್ಟಿ. 2005ರ ಜನವರಿ 14ರಂದು ಹೈಗನ್ಸ್ ನೌಕೆ ಅಲ್ಲಿ ಇಳಿದಾಗ ಬಂದ ಚಿತ್ರದಲ್ಲಿ ಹಳ್ಳದ ದಂಡೆಯ ಹಾಗೆ ದುಂಡು ದುಂಡು ಕಲ್ಲುಗಳಿದ್ದವು. ಅವು ಮಂಜುಗಡ್ಡೆ! ಅಲ್ಲೂ ಬಿಸಿಲು ಮೀಥೇನನ್ನು ಒಡೆಯುತ್ತಿದೆ. ಇದೇ ಲೆಕ್ಕದಲ್ಲಿ ಕೆಲವು ಕೋಟಿ ವರ್ಷಕ್ಕೆ ಖಾಲಿ. ಟೈಟನ್ ವಯಸ್ಸಿಗೆ ಅದು ತೀರಾ ಕಡಿಮೆ. ಹಾಗಾಗಿ ನೆಲದೊಳಗಿನಿಂದ ಹೊರಗೆ ಬರುತ್ತಿರಬೇಕು ಅನ್ನುವುದು ಹಲವರ ಅಂದಾಜು. ಯುರೇನಸ್, ನೆಪ್ಚೂನ್‌ಗಳ ನೀಲಿಗೂ ಮೀಥೇನ್ ಕಾರಣ. ಹೈಡ್ರೋಜನ್ ತುಂಬಿದ ಚಳಿ ಗ್ರಹದಲ್ಲಿ ಕಾರ್ಬನ್ ಸುಮ್ನೆ ಮೀಥೇನ್ ಆಗಿ ಉಳಿಯುತ್ತದೆ.

ಇನ್ನು ಮಂಗಳ. 2014ರಲ್ಲಿ ಅಲ್ಲಿ ತಲುಪಿದ ನಮ್ಮ ಮಂಗಳಯಾನವೂ ಮೀಥೇನ್ ಹುಡುಕುವ ಉಪಕರಣ ಹೊತ್ತೇ ಹೋಗಿತ್ತು. ಅಲ್ಲಿನ ಗೇಲ್ ಕುಳಿಯಲ್ಲಿ ಓಡಾಡುವ ನಾಸಾದ ಗಾಡಿ ಕ್ಯೂರಿಯಾಸಿಟಿ ರೋವರ್ ಅಳೆದದ್ದು ಸರಾಸರಿ ನೂರು ಕೋಟಿಗೆ ಅರ್ಧ ಪಾಲಿಗಿಂತ ಕಡಿಮೆ. ಅದೂ ಋತುವಿನ ಜೊತೆ ಏರುತ್ತೆ, ಇಳಿಯುತ್ತೆ. 2019ರ ಜೂನ್‌ನಲ್ಲಿ ಒಮ್ಮೆ 21 ಪಾಲಿಗೆ ಜಿಗಿಯಿತು, ಕೆಲವೇ ದಿನಕ್ಕೆ ಮತ್ತೆ ಇಳಿಯಿತು. ಮೇಲೆ ಸುತ್ತುವ ಯುರೋಪಿನ ಟ್ರೇಸ್ ಗ್ಯಾಸ್ ಆರ್ಬಿಟರ್‌ಗೆ ಮಾತ್ರ ಏನೂ ಸಿಗಲಿಲ್ಲ. ರೋವರ್‌ನ ಉಪಕರಣದೊಳಗೇ ಭೂಮಿಯಿಂದ ಹೋದ ಮೀಥೇನ್ ಸ್ವಲ್ಪ ಇತ್ತು, ಅದರ ಮೇಲೂ ಅನುಮಾನ ಬಂತು. ನಿಜಕ್ಕೂ ನೆಲದಿಂದಲೇ ಬಂದಿದ್ದರೂ ಜೀವವೇ ಬೇಕಂತಿಲ್ಲ. ವಿಜಯಪುರ ಕಡೆಯ ಕಪ್ಪು ಕಲ್ಲಿನಂತೆ ಲಾವಾ ಆರಿ ಆದ ಕಲ್ಲು ಮಂಗಳದಲ್ಲೂ ಜಾಸ್ತಿ. ಅಂಥ ಕಲ್ಲಿನಲ್ಲಿರುವ ಆಲಿವಿನ್ ಅನ್ನೋ ಖನಿಜ ನೀರಿನ ಜೊತೆ ಸೇರಿದರೆ ಹೈಡ್ರೋಜನ್ ಹುಟ್ಟುತ್ತದೆ. ಅದು ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿದರೆ ಮೀಥೇನ್.

ಇದನ್ನೆಲ್ಲ ಡ್ರಮ್ ಪಕ್ಕ ಕೂತು ಹುಡುಗನಿಗೆ ಹೇಳಿದೆ. ಅವನು ಬೇಜಾರಾಗುತ್ತಾನೆ ಅಂದುಕೊಂಡಿದ್ದೆ, ಆಗಲಿಲ್ಲ. ಮಂಗಳದಲ್ಲಿ ಮೀಥೇನ್ ಒಡೆಯಲು ಬಿಸಿಲಿಗೆ ಸುಮಾರು 300 ವರ್ಷ ಬೇಕು ಅಂದೆ. ಅವನು ಡ್ರಮ್ ಕಡೆ ನೋಡಿದ, ಅಡುಗೆಮನೆ ಕಡೆ ನೋಡಿದ.

"ಮತ್ತ ಆ 21 ಪಾಲು ಅಷ್ಟ ಲಗೂನ ಎಲ್ಲಿ ಹೋತು? ಅಲ್ಲಿ ಒಲಿ ಹಚ್ಚಿದವ್ರು ಯಾರು ಕಾಕಾ?"

ಮಂಗಳವನ್ನು ಓದುವ ವಿಜ್ಞಾನಿಗಳೂ ಇವತ್ತಿಗೂ ಅದನ್ನೇ ಕೇಳುತ್ತಿದ್ದಾರೆ.