ಪೆನ್ಷನ್ ಬರುತ್ತದಲ್ಲ ಎನ್ನುವವರಿಗೆ

ಮಂಡ್ಯದ ನಮ್ಮ ಮನೆಗೆ ಬಂದುಹೋಗುವ ನೆಂಟರಿರಲಿ, ಬೀದಿಯವರಿರಲಿ, ಮದುವೆಯ ಛತ್ರದಲ್ಲಿ ಪಕ್ಕದ ಎಲೆಗೆ ಕುಳಿತ ಅಪರಿಚಿತರಿರಲಿ, ಎಲ್ಲರ ಬಾಯಲ್ಲೂ ಒಂದೇ ಮಾತು: "ನಿಮ್ಗೇನ್ ಬುಡಿ ಅಕ್ಕ, ತಿಂಗ್ಳಾದ್ರೆ ಪೆನ್ಷನ್ ಬತ್ತದೆ." ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಈ ಮಾತಿಗೆ ನಕ್ಕು, ಕಾಫಿ ಕೊಟ್ಟು ಕಳುಹಿಸಿದ್ದೇನೆ. ಇನ್ನು ನನ್ನಿಂದ ನಗಲು ಆಗುವುದಿಲ್ಲ.

ಸೇನೆಯಲ್ಲಿದ್ದ ನಮ್ಮ ಯಜಮಾನರು 2002ರಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲಬಾಂಬ್ ತೆಗೆಯುವ ಕೆಲಸದಲ್ಲಿದ್ದಾಗ ಎಡಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡರು. ಅವರಿಗೆ ಬರುವ ಪೆನ್ಷನ್‌ನಲ್ಲಿ ಒಂದು ಭಾಗ ಅವರು ಮಾಡಿದ ಸೇವೆಗೆ, ಇನ್ನೊಂದು ಭಾಗ ಕಳೆದುಕೊಂಡ ಕಾಲಿಗೆ. ಮನೆಯಲ್ಲಿ ನೋಡಿಕೊಳ್ಳುವವರ ಸಲುವಾಗಿ ಸರ್ಕಾರ ಕೊಡುವ ಭತ್ಯೆ ಬೇರೆಯೇ ಇದೆ; ಏಳನೇ ವೇತನ ಆಯೋಗದ ನಂತರ ಅದನ್ನು ತಿಂಗಳಿಗೆ 6,750 ರೂಪಾಯಿ ಎಂದು ನಿಗದಿ ಮಾಡಿದ್ದರು. ಆದರೆ ಅದು ಶೇಕಡಾ 100ರಷ್ಟು ಅಂಗವೈಕಲ್ಯವಿದ್ದು, ಸದಾ ಒಬ್ಬರ ನೆರವು ಬೇಕೇ ಬೇಕು ಎಂದು ವೈದ್ಯಕೀಯ ಮಂಡಳಿ ಬರೆದುಕೊಟ್ಟವರಿಗೆ ಮಾತ್ರ. ಮೊಣಕಾಲಿನ ಕೆಳಗೆ ಒಂದು ಕಾಲು ಹೋದವರು ಆ ಲೆಕ್ಕಕ್ಕೆ ಬರುವುದಿಲ್ಲ. ಅವರಿಗಿಂತ ಹೆಚ್ಚು ಕಷ್ಟದಲ್ಲಿರುವವರಿಗೆ ಅದು ಸಲ್ಲುವುದು ನ್ಯಾಯವೇ, ನನಗೆ ಆ ಬಗ್ಗೆ ತಕರಾರಿಲ್ಲ. ಆದರೆ ನಾನು ಮಾಡುವ ಕೆಲಸಕ್ಕೂ ಪೆನ್ಷನ್ ಬರುತ್ತಿದೆ ಎಂಬಂತೆ ಮಾತನಾಡುವವರು ಆ ಹಣ ಯಾವ ಖಾತೆಗೆ ಬೀಳುತ್ತಿದೆ ಎಂದು ದಯವಿಟ್ಟು ತೋರಿಸಿಕೊಡಲಿ.

ಆ ಕೆಲಸವೇನೆಂದು ಯಾರೂ ಕೇಳಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಕೃತಕ ಕಾಲು ಎಂದರೆ ಬೂಟಿನಂತೆ ಒಮ್ಮೆ ಅಳತೆ ಕೊಟ್ಟು ಮಾಡಿಸಿಕೊಂಡರೆ ಮುಗಿಯಿತು ಎಂದು ಜನ ತಿಳಿದಿದ್ದಾರೆ. ಉಳಿದಿರುವ ಮೊಂಡುಗಾಲಿನ ಗಾತ್ರ ದಿನದ ಉದ್ದಕ್ಕೂ ಒಂದೇ ಸಮನಾಗಿರುವುದಿಲ್ಲ. ಬೆಳಿಗ್ಗೆ ಒಂದು ಕಾಲುಚೀಲ ಹಾಕಿದರೆ ಬಿಗಿಯಾಗಿ ಕೂರುವ ಕಾಲು ಮಧ್ಯಾಹ್ನದ ಹೊತ್ತಿಗೆ ಒಳಗೆ ಅಲುಗಾಡತೊಡಗುತ್ತದೆ. ಆಗ ಮೇಲೊಂದು ಚೀಲ, ಸಂಜೆಗೆ ಮತ್ತೊಂದು. ಹಾಕದೆ ಹಾಗೆಯೇ ನಡೆದರೆ ಮೂಳೆಯ ತುದಿ ಕೆಳಕ್ಕೆ ಒತ್ತಿ ಚರ್ಮ ಕೆಂಪಾಗುತ್ತದೆ, ಕೆಂಪಾದದ್ದು ಗುಳ್ಳೆಯಾಗುತ್ತದೆ, ಗುಳ್ಳೆ ಒಡೆದರೆ ಗಾಯ ಮಾಗುವವರೆಗೂ ಕೃತಕ ಕಾಲು ಗೋಡೆಗೆ ಒರಗಿಯೇ ಇರುತ್ತದೆ. ಮೊಂಡಿಗೆ ತೊಡಿಸುವ ಮೆತ್ತನೆಯ ಒಳಚೀಲವನ್ನು, ಅಂದರೆ ಸಿಲಿಕೋನ್ ಲೈನರನ್ನು, ಪ್ರತಿ ರಾತ್ರಿ ಸೋಪಿನಲ್ಲಿ ತೊಳೆದು, ಒಂದಿಷ್ಟೂ ನೊರೆ ಉಳಿಯದಂತೆ ಜಾಲಿಸಿ, ನೆರಳಿನಲ್ಲಿ ಒಣಗಿಸಬೇಕು. ಮಂಡ್ಯದ ಏಪ್ರಿಲ್ ತಿಂಗಳ ಸೆಕೆಯಲ್ಲಿ ಲೈನರ್ ಕಳಚಿದಾಗ ಬೆವರು ಹನಿಯುವುದಿಲ್ಲ, ಸುರಿಯುತ್ತದೆ. ಮೊಂಡಿನ ಹಿಂಭಾಗ ಅವರ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಮಲಗುವ ಮುನ್ನ ಟಾರ್ಚ್ ಹಿಡಿದು ಅಲ್ಲಿ ಕೆಂಪಾಗಿದೆಯೇ ಎಂದು ನೋಡುವವಳು ನಾನು. ಮರುದಿನ ಬೆಳಿಗ್ಗೆ ಪ್ರೌಢಶಾಲೆಯಲ್ಲಿ ಮೊದಲ ಪಿರಿಯಡ್ ತೆಗೆದುಕೊಳ್ಳುವವಳೂ ನಾನೇ.

ಪುಣೆಯಲ್ಲಿ 1944ರಿಂದ ನಡೆಯುತ್ತಿರುವ ಸೇನೆಯ ಕೃತಕ ಅಂಗ ಕೇಂದ್ರದವರ ಕೈಚಳಕದ ಬಗ್ಗೆ ನನ್ನ ದೂರೇನೂ ಇಲ್ಲ. ಆದರೆ ವಯಸ್ಸಾದಂತೆ ಮೊಂಡು ಸೊರಗಿ, ಅದು ಕೂರುವ ಬಟ್ಟಲು, ಅಂದರೆ ಸಾಕೆಟ್, ಹೊಸದು ಬೇಕಾದಾಗಲೆಲ್ಲ ಪುಣೆಗೆ ಹೋಗಿ ಅಲ್ಲೇ ಉಳಿಯಬೇಕಾಗುತ್ತದೆ. ಆ ದಿನಗಳಲ್ಲಿ ಹೋದ ನನ್ನ ಗಳಿಕೆ ರಜೆಯನ್ನು, ಮಕ್ಕಳ ಪರೀಕ್ಷೆಯ ಸಮಯದಲ್ಲಿ ಮನೆ ನೋಡಿಕೊಂಡ ನನ್ನ ತಾಯಿಯ ಶ್ರಮವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇಷ್ಟು ವರ್ಷಗಳ ಮೇಲೆ ಈಗ ತೊಂದರೆ ಕೊಡುತ್ತಿರುವುದು ಹೋದ ಕಾಲಲ್ಲ, ಇರುವ ಕಾಲು. ದೇಹದ ಭಾರವನ್ನೆಲ್ಲ ಹೊತ್ತೂ ಹೊತ್ತೂ ಬಲಮಂಡಿ ಸವೆದಿದೆ, ಸೊಂಟ ಹಿಡಿದುಕೊಳ್ಳುತ್ತದೆ. "ಕಾಲು ಹೋಗಿ ಅಷ್ಟ್ ವರ್ಸ ಆಯ್ತಲ್ಲ, ಇನ್ನೂ ಸರಿಹೋಗಿಲ್ವಾ?" ಎಂದು ಕೇಳುವವರಿಗೆ ನಾನು ಯಾವ ಉತ್ತರ ಕೊಡಲಿ?

ಇನ್ನು ಇಲ್ಲದ ಪಾದದ ನೋವು. ಕೆಲವು ರಾತ್ರಿ ಎಡಪಾದದ ಹೆಬ್ಬೆರಳನ್ನು ಯಾರೋ ತಿರುಚುತ್ತಿದ್ದಾರೆ ಎಂದು ಹಲ್ಲು ಕಚ್ಚಿಕೊಂಡು ಎದ್ದು ಕೂರುತ್ತಾರೆ. ಪಾದ ಹೋದರೂ ಮಿದುಳಿನಲ್ಲಿ ಅದಕ್ಕೆ ಮೀಸಲಾದ ಜಾಗ ಹೋಗಿರುವುದಿಲ್ಲ, ಕತ್ತರಿಸಿದ ನರಗಳ ತುದಿಗಳೂ ಸುಮ್ಮನಿರುವುದಿಲ್ಲ; ವೈದ್ಯರು ಇದಕ್ಕೆ ಮಾತ್ರೆ ಕೊಡುತ್ತಾರೆ, ಕನ್ನಡಿಯ ಚಿಕಿತ್ಸೆಯನ್ನೂ ಹೇಳಿಕೊಡುತ್ತಾರೆ. ಹಳೆಯ ಬೀರುವಿನಿಂದ ಕಳಚಿದ ಕನ್ನಡಿಯನ್ನು ಎರಡು ಕಾಲುಗಳ ನಡುವೆ ನಾನು ಹಿಡಿದುಕೊಳ್ಳುತ್ತೇನೆ. ಅವರು ಬಲಪಾದದ ಬೆರಳುಗಳನ್ನು ಮೆಲ್ಲಗೆ ಆಡಿಸುತ್ತ, ಕನ್ನಡಿಯಲ್ಲಿ ಕಾಣುವ ಪಾದವನ್ನು ಎಡಪಾದವೆಂದು ಭಾವಿಸಿ ನೋಡುತ್ತಾರೆ. ಎಷ್ಟೋ ಸಲ ನೋವು ಇಳಿಯುತ್ತದೆ, ಎಷ್ಟೋ ಸಲ ಇಳಿಯುವುದಿಲ್ಲ. ಇದನ್ನು ಕೇಳಿದ ನಮ್ಮ ಹತ್ತಿರದ ನೆಂಟರೊಬ್ಬರು "ಇಲ್ದಿರೋ ಕಾಲು ಎಂಗ್ ನೋಯ್ತದೆ? ಎಲ್ಲಾ ಮನ್ಸಿಂದು" ಎಂದು ಅವರ ಎದುರಿಗೇ ಹೇಳಿ, ಮತ್ತೊಂದು ಚಕ್ಕುಲಿ ಎತ್ತಿಕೊಂಡರು.

ಪ್ರತಿ ವರ್ಷ ಜುಲೈ 26 ಹತ್ತಿರವಾದಾಗ ನಮ್ಮವರ ನೆನಪು ಊರಿಗೆ ಬರುತ್ತದೆ. "ಕಾರ್ಗಿಲ್‌ನಲ್ಲಾ ಸಾರ್?" ಎಂದು ಕೇಳುತ್ತಾರೆ. ಅಲ್ಲ, ಸಂಸತ್ತಿನ ಮೇಲೆ ದಾಳಿಯಾದ ಮೇಲೆ 2001ರ ಡಿಸೆಂಬರ್‌ನಲ್ಲಿ ಸೇನೆಯನ್ನು ಗಡಿಗೆ ಕಳುಹಿಸಿದ ಆಪರೇಷನ್ ಪರಾಕ್ರಮದಲ್ಲಿ, ಎಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಯುದ್ಧವೇ ನಡೆಯಲಿಲ್ಲವಲ್ಲ ಎಂಬ ಭಾವ. ಗಡಿಯ ಉದ್ದಕ್ಕೂ ಹೂಳಿದ ಬಾಂಬ್‌ಗಳನ್ನು ಮತ್ತೆ ಕೈಯಿಂದಲೇ ತೆಗೆದವರು ಯಾರೆಂದು ಕೇಳುವ ಕುತೂಹಲ ಒಬ್ಬರಿಗೂ ಇಲ್ಲ. ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಆದೇಶವೇ ಗಡಿಯಲ್ಲಿ ಇಂತಹ ಬಾಂಬ್ ಹೂಳುವಾಗ, ತೆಗೆಯುವಾಗ ಆದ ಗಾಯವನ್ನು ಯುದ್ಧಗಾಯದ ಪೆನ್ಷನ್‌ಗೆ ಸೇರಿಸಿದೆ. ಸರ್ಕಾರ ಒಪ್ಪಿಕೊಂಡದ್ದನ್ನು ಬೀದಿಯ ಕೊನೆಯ ಅಂಗಡಿಯವರು ಇನ್ನೂ ಒಪ್ಪಿಲ್ಲ.

ಅದೇ ಅಂಗಡಿಯವರಿಗೆ ಮಿಲಿಟರಿ ಕ್ಯಾಂಟೀನಿನ ಬಾಟಲಿ ಮಾತ್ರ ಬೇಕು. ಅವರೊಬ್ಬರೇ ಅಲ್ಲ, ನಾಮಕರಣಕ್ಕೂ ಬೀಗರೂಟಕ್ಕೂ ಹದಿನೈದು ದಿನ ಮೊದಲೇ ಫೋನ್ ಬರುತ್ತದೆ, "ಭಾವಾ, ಈ ಸಲ ರಮ್ ಸಿಕ್ತದಾ?" ಎಂದು. ಕಾರ್ಡಿನ ಮೇಲೆ ತಿಂಗಳಿಗೆ ಇಷ್ಟೇ ಎಂದು ಮಿತಿ ಇದೆ, ಅದನ್ನು ಹೊರಗೆ ಹಂಚುವ ಹಾಗಿಲ್ಲ ಎಂದು ಹೇಳಿದರೆ ನಾವು ಸೊಕ್ಕಿನವರಾಗುತ್ತೇವೆ. ಮೈಸೂರಿಗೆ ಹೋಗಿ ಸರದಿಯಲ್ಲಿ ನಿಲ್ಲಬೇಕಾದ ಕಾಲು ಯಾವುದು ಎಂಬ ಯೋಚನೆ ಯಾರಿಗೂ ಬರುವುದಿಲ್ಲ. ಕಳೆದ ವರ್ಷ ಇವರ ತಮ್ಮ ಮನೆ ಕಟ್ಟಲು ಹೊರಟಾಗ, "ನಿಮ್ ಪೆನ್ಷನ್ ಮೇಲೆ ಬ್ಯಾಂಕ್ನೋರು ಸಾಲ ಕೊಡ್ತಾರಂತೆ, ಅತ್ಗೆ, ನೀವೊಂದ್ ಮಾತು ಹೇಳಿ" ಎಂದು ನನ್ನನ್ನೇ ಕೇಳಿದರು. ನಾನು ಆಗುವುದಿಲ್ಲ ಎಂದೆ. ಅಂದಿನಿಂದ ಆ ಮನೆಯವರು ನಮ್ಮನ್ನು ಮಾತನಾಡಿಸುವುದಿಲ್ಲ. ನಿಜ ಹೇಳುವುದಾದರೆ, ಅದೊಂದು ಉಪಕಾರವೇ ಆಯಿತು.

ಸನ್ಮಾನಗಳ ವಿಷಯ ಎತ್ತದಿದ್ದರೆ ಈ ಸಿಟ್ಟು ಅರ್ಧದಲ್ಲೇ ಉಳಿಯುತ್ತದೆ. ಕಳೆದ ಬಾರಿಯ ವೇದಿಕೆಗೆ ಐದು ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಬಿದಿರಿನ ಗಳವೂ ಇರಲಿಲ್ಲ. ತಲೆಗೆ ಮೈಸೂರು ಪೇಟ, ಹೆಗಲಿಗೆ ಜಾರುವ ಶಾಲು, ಒಂದು ಕೈಗೆ ಫಲಕ, ಇನ್ನೊಂದು ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ಚಪ್ಪಾಳೆ ತಟ್ಟಿ, ಇಳಿಯಿರಿ ಎಂದರು. ಕೃತಕ ಪಾದಕ್ಕೆ ಮೆಟ್ಟಿಲಿನ ಅಂಚು ತಿಳಿಯುವುದಿಲ್ಲ. ಇಳಿಯುವಾಗ ಕಣ್ಣಿಂದ ನೋಡಿ, ಕೈಯಿಂದ ಹಿಡಿದುಕೊಂಡು ಇಳಿಯಬೇಕು. ಅವರ ಎರಡು ಕೈಗಳನ್ನೂ ತುಂಬಿಸಿ, ಕಣ್ಣಿಗೆ ಬುಟ್ಟಿಯನ್ನು ಅಡ್ಡ ಇಟ್ಟಿದ್ದರು. ನಾನು ಓಡಿಹೋಗಿ ಬುಟ್ಟಿ ಕಿತ್ತುಕೊಂಡದ್ದನ್ನು ಕಂಡು ಮುಂದಿನ ಸಾಲಿನವರು ನಕ್ಕರು.

ಈ ವರ್ಷವೂ ಕರೆಯಲು ಬಂದಿದ್ದಾರೆ. ವೇದಿಕೆಗೆ ಗಟ್ಟಿಯಾದ ಕೈಪಿಡಿಗಂಬಿ ಹಾಕಿಸಿದರೆ ಬರುತ್ತಾರೆ, ಇಲ್ಲದಿದ್ದರೆ ಕೆಳಗೇ ಕುರ್ಚಿ ಹಾಕಿ ಅಲ್ಲೇ ಶಾಲು ಹೊದಿಸಿ ಎಂದೆ. "ಅಯ್ಯೋ, ಅದಕ್ಯಾಕ್ ಯೋಚ್ನೆ, ನಾವ್ ಹುಡುಗ್ರು ಎತ್ಕಂಡ್ ಹೋಯ್ತೀವಿ ಬುಡಿ ಅಮ್ಮ" ಎಂದರು. ಆಹ್ವಾನ ಪತ್ರಿಕೆಯಲ್ಲಿ ಹೆಸರು ಹಾಕಬೇಡಿ ಎಂದು ಹೇಳಿ ಕಳುಹಿಸಿದ್ದೇನೆ.