ಕವಾಯತೂ ಜರ್ಮನ್‌ನಲ್ಲೇ!

ಅಮೆರಿಕದ ಅಂತರ್ಯುದ್ಧಕ್ಕೆ ಸೇರಿದ ಜರ್ಮನ್ ವಲಸಿಗರೆಲ್ಲ ಸಂಬಳದ ಆಸೆಗೆ ಬಂದವರು ಅಂತ ನಿಮ್ಮಲ್ಲಿ ಬಂದ ಲೇಖನದಲ್ಲಿ ಲೇಖಕರು ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದಾರೆ. ಒಪ್ಪೋಕಾಗಲ್ಲ ಸಾರ್. ಹೊಟ್ಟೆಪಾಡೂ ಇತ್ತು, ಇಲ್ಲ ಅನ್ನಲ್ಲ. ಆದರೆ ಉತ್ತರದವರ ಸೇನೆಯಲ್ಲಿದ್ದ, ಜರ್ಮನ್ ವಲಸಿಗರದ್ದೇ ಆದ 32ನೇ ಇಂಡಿಯಾನಾ ರೆಜಿಮೆಂಟ್ ನೋಡಿ. ಅದರ ಕರ್ನಲ್ ಆಗಸ್ಟ್ ವಿಲ್ಲಿಖ್ ಜರ್ಮನ್ ರಾಜ್ಯವಾದ ಪ್ರಷ್ಯಾದ ಸೇನೆಯಲ್ಲಿ ಅಧಿಕಾರಿಯಾಗಿದ್ದವನು, ಹುದ್ದೆ ಬಿಟ್ಟು ಬಡಗಿ ಕೆಲಸಕ್ಕಿಳಿದವನು. 1849ರಲ್ಲಿ ಜರ್ಮನಿಯ ಬಾಡೆನ್‌ನಲ್ಲಿ ಅರಸೊತ್ತಿಗೆ ವಿರುದ್ಧ ನಡೆದ ದಂಗೆಯಲ್ಲಿ ಇವನ ಸಹಾಯಕನಾಗಿದ್ದದ್ದು ಯಾರು ಗೊತ್ತಾ? ಕಾರ್ಲ್ ಮಾರ್ಕ್ಸ್‌ನ ಜೊತೆಗಾರ ಫ್ರೆಡರಿಕ್ ಏಂಗೆಲ್ಸ್! ಇಂಥವನು ನಾಲ್ಕು ಕಾಸಿಗೆ ಬಂದೂಕು ಹಿಡಿದನಾ?

1862ರ ಏಪ್ರಿಲ್, ಟೆನ್ನೆಸಿಯಲ್ಲಿ ನಡೆದ ಶೈಲೋ ಯುದ್ಧದ ಎರಡನೇ ದಿನ. ಗುಂಡಿನ ಮಳೆಗೆ ಹುಡುಗರ ಸಾಲು ಅಲ್ಲಾಡತೊಡಗಿದಾಗ ಈ ಪುಣ್ಯಾತ್ಮ ಶತ್ರುವಿಗೆ ಬೆನ್ನು ಹಾಕಿ ನಿಂತು, ಪರೇಡ್ ಮೈದಾನದಲ್ಲಿದ್ದ ಹಾಗೆ ಬಂದೂಕಿನ ಕವಾಯತು ಮಾಡಿಸಿದ. ಆ ರೆಜಿಮೆಂಟಲ್ಲಿ ಆಜ್ಞೆಗಳೂ ಜರ್ಮನ್‌ನಲ್ಲೇ.

ಇನ್ನೊಂದು ಬಿಟ್ಟುಹೋಗಿದೆ. 1861ರ ಡಿಸೆಂಬರ್‌ನಲ್ಲಿ ಕೆಂಟಕಿಯ ರೌಲೆಟ್ಸ್ ಸ್ಟೇಷನ್ ಹತ್ತಿರ ಸತ್ತ ಜೊತೆಗಾರರಿಗಾಗಿ ಇದೇ ರೆಜಿಮೆಂಟಿನ ಆಗಸ್ಟ್ ಬ್ಲೋಡ್ನರ್ ಸುಣ್ಣಕಲ್ಲಲ್ಲಿ ಸ್ಮಾರಕ ಕೆತ್ತಿದ. ಮೇಲೆ ಹದ್ದು, ಅಮೆರಿಕದ ಬಾವುಟ. ಕೆಳಗೆ ಜರ್ಮನ್ ಬರಹ. ನನಗಂತೂ ನಮ್ಮೂರ ವೀರಗಲ್ಲುಗಳೇ ಕಣ್ಮುಂದೆ ಬಂದವು. ಕಲ್ಲು ಮೆದು, ಮಳೆ ಬಿಸಿಲಿಗೆ ಅಕ್ಷರ ಉದುರತೊಡಗಿ 2008ರಲ್ಲಿ ಲೂಯಿವಿಲ್‌ನ ಸ್ಮಶಾನದಿಂದ ತೆಗೆದು ಒಳಗಿಟ್ಟರು.